ವೈದ್ಯಕೀಯ ಪದಗಳನ್ನು ಬಾಲದಿಂದ ಓದುವುದು: ರಿಪೋರ್ಟಿನ ಉದ್ದುದ್ದ ಹೆಸರು ಬಿಡಿಸುವ ಹಂತಗಳು

ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದ ಕೂಡಲೇ ನಾವು ಮಾಡುವ ಕೆಲಸ ಎಲ್ಲರಿಗೂ ಗೊತ್ತು. ಅದರಲ್ಲಿ ಎಲ್ಲಕ್ಕಿಂತ ಉದ್ದದ ಪದ ಹುಡುಕಿ ಮೊಬೈಲಿಗೆ ಹಾಕುತ್ತೇವೆ. ಅದು ಎಲ್ಲಕ್ಕಿಂತ ಕೆಟ್ಟ ಕಾಯಿಲೆಯನ್ನೇ ಮೊದಲು ತೋರಿಸುತ್ತದೆ. ಅಲ್ಲಿಗೆ ಆ ರಾತ್ರಿಯ ನಿದ್ದೆ ಹೋಯಿತು. ಇನ್ನು ಕೆಲವರು ಗ್ರೀಕ್, ಲ್ಯಾಟಿನ್ ಬೇರುಗಳ ದೊಡ್ಡ ಪಟ್ಟಿಯನ್ನೇ ಬಾಯಿಪಾಠ ಮಾಡಿರುತ್ತಾರೆ. ಹೊಸ ಪದ ಎದುರಾದರೆ ಅವರೂ ತಡವರಿಸುತ್ತಾರೆ.

ಇಬ್ಬರೂ ಎಡವುವುದು ಒಂದೇ ಜಾಗದಲ್ಲಿ. ಪದವನ್ನು ಎಡದಿಂದ ಬಲಕ್ಕೆ ಒಂದೇ ಉಸಿರಿಗೆ ಓದಿ ಅರ್ಥ ಮಾಡಿಕೊಳ್ಳಲು ಹೋಗುತ್ತಾರೆ. ಆದರೆ ಈ ಪದಗಳು ತುಂಡು ತುಂಡಾಗಿ ಕಟ್ಟಿದಂಥವು. ಮುಖ್ಯ ಸುದ್ದಿ ಕೂತಿರುವುದು ಕೊನೆಯ ತುಂಡಿನಲ್ಲಿ.

ಕನ್ನಡದವರಿಗೆ ಇದೇನೂ ಹೊಸದಲ್ಲ. ತಲೆನೋವು, ಹಲ್ಲುನೋವು, ಬೆನ್ನುನೋವು ಅನ್ನುತ್ತೇವೆ. ಎಲ್ಲಿ ಅನ್ನುವುದು ಮೊದಲು, ಏನು ಅನ್ನುವುದು ಕೊನೆಗೆ. ವೈದ್ಯರು ಬರೆಯುವ ‘ಸೆಫಲಾಲ್ಜಿಯಾ’ ಕೂಡ ಹಾಗೇ ಇದೆ. ‘ಸೆಫಲ್’ ಎಂದರೆ ತಲೆ, ‘ಆಲ್ಜಿಯಾ’ ಎಂದರೆ ನೋವು. ಬರೀ ತಲೆನೋವು, ಅಷ್ಟೇ!

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಹಂತಗಳಿಂದ ಪದ ಏನು ಹೇಳುತ್ತಿದೆ ಎಂದು ತಿಳಿಯುತ್ತದೆ. ನಿಮಗೆ ಏನಾಗಿದೆ, ಎಷ್ಟು ಆಗಿದೆ ಎಂಬುದು ತಿಳಿಯುವುದಿಲ್ಲ. ಅದನ್ನು ಹೇಳಬೇಕಾದವರು ವೈದ್ಯರು.

## ಶುರು ಮಾಡುವ ಮೊದಲು ಬೇಕಾದದ್ದು

ಒಂದು ಪೆನ್ಸಿಲ್, ಒಂದು ನೋಟ್‌ಬುಕ್, ಮತ್ತು ಮೂಲ ಕಾಗದ. ಯಾರೋ ಫೋನಿನಲ್ಲಿ ಓದಿ ಹೇಳಿದ್ದು ಸಾಲದು, ರಿಪೋರ್ಟೇ ಎದುರಿಗಿರಬೇಕು. ವೈದ್ಯಕೀಯ ನಿಘಂಟು ಇದ್ದರೆ ಒಳ್ಳೆಯದು. ಮೊಬೈಲ್ ಬೇಡ ಅಂತಲ್ಲ, ಅದು ಕೊನೆಗೆ. ನೀವೇ ಬಿಡಿಸಿದ ಅರ್ಥ ಸರಿಯಾ ಎಂದು ನೋಡಲು ಮಾತ್ರ ಅದನ್ನು ತೆಗೆಯಿರಿ.

ನೋಟ್‌ಬುಕ್ಕಿನ ಪುಟಕ್ಕೆ ಮೂರು ಕಾಲಂ ಹಾಕಿ: ತಲೆ, ನಡು, ಬಾಲ. ಸಿಕ್ಕ ತುಂಡುಗಳನ್ನು ಆಯಾ ಕಾಲಂಗೆ ತುಂಬುತ್ತಾ ಹೋಗಿ. ಬೇರೆಯವರು ಮಾಡಿಟ್ಟ ಪಟ್ಟಿಗಿಂತ ನಿಮ್ಮ ಮನೆಯವರ ರಿಪೋರ್ಟಿನಿಂದ ಹೆಕ್ಕಿದ ನಲವತ್ತು ತುಂಡುಗಳು ಜಾಸ್ತಿ ಕೆಲಸಕ್ಕೆ ಬರುತ್ತವೆ.

## ಹಂತ 1: ಪದವನ್ನು ಅಕ್ಷರ ಅಕ್ಷರವಾಗಿ ಬರೆದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋದವರೇ ಹೆಚ್ಚು. ಕಿವಿಯಲ್ಲಿ ಕೇಳಿದ ಪದವನ್ನು ಕನ್ನಡದಲ್ಲಿ ಬರೆದುಕೊಂಡರೆ ಇಂಗ್ಲಿಷ್ ಅಕ್ಷರಗಳ ಗುರುತು ಅಳಿಸಿಹೋಗುತ್ತದೆ. ‘ಇಲಿಯಮ್’ ಎಂಬ ಪದವನ್ನೇ ನೋಡಿ. ಸಣ್ಣ ಕರುಳಿನ ಕೊನೆಯ ಭಾಗಕ್ಕೂ ಇದೇ ಹೆಸರು, ಸೊಂಟದ ಮೂಳೆಗೂ ಇದೇ ಹೆಸರು. ವ್ಯತ್ಯಾಸ ನಡುವಿನ ಒಂದೇ ಅಕ್ಷರ: ಕರುಳಿಗೆ ‘ಇ’, ಮೂಳೆಗೆ ‘ಐ’. ಹೇಳುವಾಗ ಎರಡೂ ಒಂದೇ ಥರ ಕೇಳಿಸುತ್ತವೆ.

ಇನ್ನೂ ಮೂರು ಕಡೆ ಜೋಪಾನವಾಗಿರಿ. ಒಂದು, ಮೂಕ ಅಕ್ಷರಗಳು. ನ್ಯುಮೋನಿಯಾ ಶುರುವಾಗುವುದು ‘ಪಿ’ ಅಕ್ಷರದಿಂದ, ಸೈಕಿಯಾಟ್ರಿ ಕೂಡ ‘ಪಿ’ಯಿಂದಲೇ. ನಿಘಂಟಿನಲ್ಲಿ ‘ಎನ್’ ಪುಟ ತಡಕಾಡಿದರೆ ನ್ಯುಮೋನಿಯಾ ಸಿಗುವುದಿಲ್ಲ.

ಎರಡು, ಗ್ರೀಕ್ ಮೂಲದ ಪದಗಳಲ್ಲಿ ‘ಸಿ-ಎಚ್’ ಜೋಡಿ ಸಾಮಾನ್ಯವಾಗಿ ‘ಚ’ ಅಲ್ಲ, ‘ಕ’. ಕ್ರಾನಿಕ್, ಕೊಲೆಸ್ಟ್ರಾಲ್ ಎರಡರಲ್ಲೂ ಆ ಜೋಡಿಯೇ ಇದೆ.

ಮೂರನೆಯದು ಎಷ್ಟೋ ಜನರಿಗೆ ತಲೆಬಿಸಿ ತಂದಿದೆ: ಬ್ರಿಟಿಷ್ ಬರಹ ಬೇರೆ, ಅಮೆರಿಕನ್ ಬರಹ ಬೇರೆ. ಅನೀಮಿಯಾದ ನಡುವೆ ಬ್ರಿಟಿಷರು ‘ಎ-ಇ’ ಎರಡೂ ಅಕ್ಷರ ಬರೆಯುತ್ತಾರೆ, ಅಮೆರಿಕದವರು ಬರೀ ‘ಇ’. ಊತಕ್ಕೆ ಹೇಳುವ ‘ಈಡೀಮಾ’ ಬ್ರಿಟಿಷ್ ಬರಹದಲ್ಲಿ ‘ಓ’ ಅಕ್ಷರದಿಂದ ಶುರುವಾಗುತ್ತದೆ, ಅಮೆರಿಕನ್ ಬರಹದಲ್ಲಿ ‘ಇ’ಯಿಂದ. ಅನ್ನನಾಳದ ಹೆಸರಾದ ‘ಈಸೊಫೇಗಸ್’ ಕೂಡ ಹಾಗೇ. ಪದ ಸಿಗಲಿಲ್ಲ ಎಂದು ಬಿಟ್ಟುಬಿಡುವ ಮೊದಲು ಇನ್ನೊಂದು ಬರಹವನ್ನೂ ಹುಡುಕಿ ನೋಡಿ.

ವೈದ್ಯರು ಬಾಯಲ್ಲಿ ಹೇಳಿದ ಪದವಾದರೆ “ಸ್ವಲ್ಪ ಬರೆದುಕೊಡಿ ಡಾಕ್ಟ್ರೇ” ಎಂದು ಕೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

## ಹಂತ 2: ಮೊದಲು ಬಾಲ ಬಿಡಿಸಿ

ಪದದ ಕೊನೆಯ ತುಂಡಿಗೆ ಪೆನ್ಸಿಲ್‌ನಿಂದ ಗೆರೆ ಹಾಕಿ. ಇದು ಉರಿಯೂತವಾ, ಗಡ್ಡೆಯಾ, ನೋವಾ, ಆಪರೇಷನ್ನಾ, ಪರೀಕ್ಷೆಯಾ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು.

ಐಟಿಸ್. ಉರಿಯೂತ. ಆ ಭಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುವುದು. ಗ್ಯಾಸ್ಟ್ರೈಟಿಸ್ ಹೊಟ್ಟೆಯದು, ಆರ್ಥ್ರೈಟಿಸ್ ಕೀಲಿನದು, ಹೆಪಟೈಟಿಸ್ ಲಿವರಿನದು. ಐಟಿಸ್ ಅಂದರೆ ಸೋಂಕು ಎಂದುಕೊಳ್ಳುವುದು ಇಲ್ಲಿ ಆಗುವ ತಪ್ಪು. ಸೋಂಕಿನಿಂದಲೂ ಉರಿಯೂತ ಬರಬಹುದು, ಬೇರೆ ಕಾರಣಕ್ಕೂ ಬರಬಹುದು. ಹೆಪಟೈಟಿಸ್ ವೈರಸ್‌ನಿಂದ ಬರುತ್ತದೆ, ಮದ್ಯದಿಂದ ಬರುತ್ತದೆ, ಕೆಲವು ಔಷಧಿಗಳಿಂದಲೂ ಬರುತ್ತದೆ. ಹೆಸರು ಕೇಳಿದ್ದೇ ತಡ ರೋಗಿಯ ತಟ್ಟೆ ಲೋಟ ಬೇರೆ ಇಡುವ ಅಗತ್ಯವಿಲ್ಲ.

ಓಸಿಸ್. ಒಂದು ಸ್ಥಿತಿ, ಹೆಚ್ಚಿನ ಸಲ ನಿಧಾನವಾಗಿ ಬೆಳೆದದ್ದು. ಫೈಬ್ರೋಸಿಸ್ ಎಂದರೆ ನಾರುಗಟ್ಟಿರುವುದು, ಥ್ರಾಂಬೋಸಿಸ್ ಎಂದರೆ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿರುವುದು. ಕುತ್ತಿಗೆ ನೋವಿದ್ದವರೆಲ್ಲ “ನನಗೆ ಸ್ಪಾಂಡಿಲೈಟಿಸ್” ಅನ್ನುತ್ತಾರೆ. ರಿಪೋರ್ಟ್ ತೆಗೆದು ನೋಡಿದರೆ ಎಷ್ಟೋ ಸಲ ಅಲ್ಲಿರುವುದು ಸ್ಪಾಂಡಿಲೋಸಿಸ್. ಮೊದಲನೆಯದು ಬೆನ್ನೆಲುಬಿನ ಉರಿಯೂತ, ಎರಡನೆಯದು ಸವೆತ. ನಡು ಒಂದೇ, ಬಾಲ ಬೇರೆ. ಬಾಲ ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ.

ಓಮಾ. ಗಂಟು ಅಥವಾ ಗಡ್ಡೆ. ಜನ ಅತಿ ಹೆಚ್ಚು ಹೆದರುವ ಬಾಲ ಇದು. ನಾನೂ ಒಮ್ಮೆ ಇದಕ್ಕೆ ಸಿಕ್ಕಿಬಿದ್ದಿದ್ದೇನೆ. ಚಿಕ್ಕಪ್ಪನ ಬೆನ್ನ ಮೇಲೆ ಒಂದು ಗಂಟಿತ್ತು. ರಿಪೋರ್ಟಿನಲ್ಲಿ ‘ಲಿಪೋಮಾ’ ಎಂದಿತ್ತು. ಆಗ ನನಗೆ ಗೊತ್ತಿದ್ದದ್ದು ‘ಓಮಾ’ ಒಂದೇ. ಸುಮ್ನಿರದೆ “ಗಡ್ಡೆ ಅಂತೆ” ಎಂದುಬಿಟ್ಟೆ. ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ‘ಲಿಪ್’ ಎಂದರೆ ಕೊಬ್ಬು. ಲಿಪೋಮಾ ಎಂದರೆ ಕೊಬ್ಬಿನ ಗಂಟು, ಕ್ಯಾನ್ಸರ್ ಅಲ್ಲ. ಅರ್ಧ ಪದ ಓದಿದ್ದಕ್ಕೆ ಚಿಕ್ಕಪ್ಪ ಈಗಲೂ ಕಾಲೆಳೆಯುತ್ತಾರೆ.

ಹಾಗಾಗಿ ‘ಓಮಾ’ ಕಂಡರೆ ನಡುವಿನ ತುಂಡು ಓದದೆ ಬಾಯಿ ಬಿಡಬೇಡಿ. ಲಿಪೋಮಾ, ಫೈಬ್ರೋಮಾ, ಅಡಿನೋಮಾ ಕ್ಯಾನ್ಸರ್ ಅಲ್ಲದ ಗಂಟುಗಳು. ಕಾರ್ಸಿನೋಮಾ, ಸಾರ್ಕೋಮಾ, ಲಿಂಫೋಮಾ, ಮೆಲನೋಮಾ, ಮೈಲೋಮಾ ಕ್ಯಾನ್ಸರ್‌ಗಳು. ಈ ಐದನ್ನು ಬಾಯಿಪಾಠ ಮಾಡುವುದೇ ಸರಿ, ಬೇರೆ ಉಪಾಯವಿಲ್ಲ. ಇನ್ನು ಹೆಮಟೋಮಾ ಎಂದರೆ ಪೆಟ್ಟು ಬಿದ್ದಾಗ ಆಗುವಂತೆ ರಕ್ತ ಒಂದೆಡೆ ಕಟ್ಟಿಕೊಂಡದ್ದು. ಗ್ಲಾಕೋಮಾ ಕಣ್ಣಿನ ನರಕ್ಕೆ ಹಾನಿಯಾಗುವ ಕಾಯಿಲೆ, ಅಲ್ಲಿ ಗಡ್ಡೆಯೇ ಇಲ್ಲ. ಕೋಮಾ ಅಂತೂ ಈ ಗುಂಪಿಗೇ ಸೇರಿದ್ದಲ್ಲ. ಗ್ರೀಕಿನಲ್ಲಿ ಅದಕ್ಕೆ ಗಾಢ ನಿದ್ದೆ ಎಂದರ್ಥ.

ಈಮಿಯಾ ಮತ್ತು ಯೂರಿಯಾ. ಈಮಿಯಾ ರಕ್ತದ ವಿಷಯ, ಯೂರಿಯಾ ಮೂತ್ರದ ವಿಷಯ. ಹೈಪರ್‌ಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಜಾಸ್ತಿ. ಗ್ಲೈಕೋಸೂರಿಯಾ ಎಂದರೆ ಮೂತ್ರದಲ್ಲಿ ಸಕ್ಕರೆ. ಹೆಮಟೂರಿಯಾದಲ್ಲಿ ‘ಹೆಮಟ್’ ರಕ್ತ, ‘ಯೂರಿಯಾ’ ಮೂತ್ರ. ಮೂತ್ರದಲ್ಲಿ ರಕ್ತ ಎಂದಾಯಿತು. ರಕ್ತಪರೀಕ್ಷೆಯ ಪಟ್ಟಿಯಲ್ಲಿ ಒಂಟಿಯಾಗಿ ಬರುವ ‘ಯೂರಿಯಾ’ ಮಾತ್ರ ಈ ಬಾಲವಲ್ಲ. ಅದು ಕಿಡ್ನಿ ಹೊರಹಾಕುವ ಒಂದು ವಸ್ತುವಿನ ಹೆಸರು.

ಪೀನಿಯಾ. ಕೊರತೆ. ಗ್ರೀಕಿನಲ್ಲಿ ಬಡತನ ಎಂಬ ಅರ್ಥದ ಪದ. ಡೆಂಗಿ ಜ್ವರದಲ್ಲಿ ಕಾಣುವ ‘ಥ್ರಾಂಬೋಸೈಟೋಪೀನಿಯಾ’ ನೋಡಿ. ‘ಥ್ರಾಂಬೋ’ ಹೆಪ್ಪು, ‘ಸೈಟ್’ ಕಣ, ‘ಪೀನಿಯಾ’ ಕೊರತೆ. ಹೆಪ್ಪುಗಟ್ಟಿಸುವ ಕಣಗಳು ಕಡಿಮೆ, ಅಂದರೆ ಪ್ಲೇಟ್‌ಲೆಟ್ ಕಡಿಮೆ. ಈ ಪದವನ್ನು ಒಮ್ಮೆ ಬಿಡಿಸಿದವರಿಗೆ ಧೈರ್ಯ ಬಂದುಬಿಡುತ್ತದೆ.

ಉಳಿದ ಬಾಲಗಳಿಗೆ ಇಷ್ಟು ಸಾಕು. ‘ಮೆಗಲಿ’ ಎಂದರೆ ದೊಡ್ಡದಾಗಿರುವುದು. ‘ಪ್ಯಾಥಿ’ ಎಂದರೆ ಕಾಯಿಲೆ. ‘ಪ್ಲೀಜಿಯಾ’ ಎಂದರೆ ಪೂರ್ತಿ ಲಕ್ವ, ‘ಪರೀಸಿಸ್’ ಎಂದರೆ ಶಕ್ತಿ ಕುಗ್ಗಿರುವುದು. ‘ಪ್ನಿಯಾ’ ಉಸಿರು. ‘ಸ್ಕೋಪಿ’ ಒಳಗೆ ಇಣುಕಿ ನೋಡುವುದು, ‘ಗ್ರಾಂ’ ದಾಖಲಾದ ಚಿತ್ರ ಅಥವಾ ಗೆರೆ.

### ಆಪರೇಷನ್ ಬಾಲಗಳು: ಇಲ್ಲಿ ಒಂದಕ್ಷರವೂ ತಪ್ಪಬಾರದು

‘ಎಕ್ಟಮಿ’, ‘ಆಟಮಿ’, ‘ಆಸ್ಟಮಿ’. ಮೂರೂ ಕಿವಿಗೆ ಅಣ್ಣತಮ್ಮಂದಿರ ಹಾಗೆ. ಕೆಲಸ ಮಾತ್ರ ಬೇರೆ ಬೇರೆ.

ಗ್ರೀಕಿನಲ್ಲಿ ‘ಟೋಮ್’ ಎಂದರೆ ಕತ್ತರಿಸುವುದು. ಆಟಂ ಎಂಬ ಪದದಲ್ಲೂ ಅದೇ ಇದೆ: ‘ಅ’ ಮತ್ತು ‘ಟೋಮ್’, ಕತ್ತರಿಸಲಾಗದ್ದು. ‘ಆಟಮಿ’ ಎಂದರೆ ಕತ್ತರಿಸಿ ತೆರೆಯುವುದು. ಅದರ ಹಿಂದೆ ಹೊರಕ್ಕೆ ಎಂಬರ್ಥದ ‘ಎಕ್’ ಸೇರಿದರೆ ‘ಎಕ್ಟಮಿ’, ಕತ್ತರಿಸಿ ಹೊರತೆಗೆಯುವುದು. ‘ಆಸ್ಟಮಿ’ಯಲ್ಲಿರುವುದು ‘ಸ್ಟೋಮಾ’, ಅಂದರೆ ಬಾಯಿ. ಹೊಸದಾಗಿ ಒಂದು ಬಾಯಿ ಮಾಡುವುದು.

ದೊಡ್ಡ ಕರುಳಿಗೆ ಹಾಕಿ ನೋಡಿ. ಕೊಲೆಕ್ಟಮಿ ಎಂದರೆ ದೊಡ್ಡ ಕರುಳನ್ನೋ ಅದರ ಭಾಗವನ್ನೋ ತೆಗೆದುಹಾಕುವುದು. ಕೊಲಾಸ್ಟಮಿ ಎಂದರೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲಕ್ಕೆ ತಂದು ಹೊರದಾರಿ ಮಾಡುವುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಈ ಬಾಲವನ್ನು ಎರಡೆರಡು ಸಲ ಓದಿ. ಯಾವುದು ಎಂದು ಗೊತ್ತಾಗದಿದ್ದರೆ “ತೆಗೀತೀರಾ, ಬರೀ ತೆರೀತೀರಾ, ಇಲ್ಲಾ ಹೊಸ ದಾರಿ ಮಾಡ್ತೀರಾ?” ಎಂದು ನೇರವಾಗಿ ಕೇಳಿ.

ಇನ್ನೊಂದು ಬಾಲ ‘ಪ್ಲಾಸ್ಟಿ’. ರೂಪ ಕೊಡುವುದು, ಸರಿಪಡಿಸುವುದು. ಆಂಜಿಯೋಗ್ರಾಂ ಎಂದರೆ ರಕ್ತನಾಳದ ಚಿತ್ರ ತೆಗೆಯುವುದು, ಆಂಜಿಯೋಪ್ಲಾಸ್ಟಿ ಎಂದರೆ ಕಿರಿದಾದ ನಾಳವನ್ನು ಅಗಲಿಸಿ ಸರಿಮಾಡುವುದು. ಈ ಎರಡನ್ನು ಅದಲುಬದಲು ಮಾಡಿ ನೆಂಟರಿಗೆಲ್ಲ ಗಾಬರಿ ಹುಟ್ಟಿಸಿದವರನ್ನು ನೋಡಿದ್ದೇನೆ. ಪ್ಲಾಸ್ಟಿಕ್ ಸರ್ಜರಿಯಲ್ಲಿರುವುದೂ ಇದೇ ‘ಪ್ಲಾಸ್ಟ್’. ಪ್ಲಾಸ್ಟಿಕ್ ಸಾಮಾನಿಗೂ ಅದಕ್ಕೂ ಸಂಬಂಧ ಹೆಸರಿನದಷ್ಟೇ. ಎರಡಕ್ಕೂ ಬೇಕಾದ ಆಕಾರಕ್ಕೆ ತರುವುದು ಎಂಬ ಮೂಲವೇ ಹೆಸರಾಗಿದೆ.

## ಹಂತ 3: ತಲೆ ನೋಡಿ, ಹಳೆಯ ಪರಿಚಯದವರೇ ಸಿಗುತ್ತಾರೆ

ಪದದ ಮೊದಲ ತುಂಡು ಹೆಚ್ಚು, ಕಡಿಮೆ, ಇಲ್ಲ, ಸುತ್ತ, ಒಳಗೆ ಎಂಬಂಥ ಮಾತು ಹೇಳುತ್ತದೆ. ಎಲ್ಲ ಪದಕ್ಕೂ ತಲೆ ಇರುವುದಿಲ್ಲ. ಇಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಿ.

ಇಲ್ಲಿ ನಮಗೊಂದು ಅನುಕೂಲ ಇದೆ. ಗ್ರೀಕ್, ಲ್ಯಾಟಿನ್, ಸಂಸ್ಕೃತ ಮೂರೂ ಒಂದೇ ಭಾಷಾ ಕುಟುಂಬದವು. ಸಂಸ್ಕೃತದಿಂದ ಕನ್ನಡಕ್ಕೆ ಬಂದು ದಿನವೂ ನಮ್ಮ ಬಾಯಲ್ಲಿರುವ ತುಂಡುಗಳೇ ಇಲ್ಲಿ ವೇಷ ಬದಲಿಸಿ ಕೂತಿವೆ.

‘ಅ’ ಮತ್ತು ‘ಅನ್’ ಎಂದರೆ ಇಲ್ಲ. ಅಶಕ್ತಿ, ಅನಾರೋಗ್ಯ ಅನ್ನುತ್ತೇವಲ್ಲ, ಅದೇ. ನಿಯಮವೂ ಒಂದೇ: ಮುಂದೆ ವ್ಯಂಜನ ಬಂದರೆ ‘ಅ’, ಸ್ವರ ಬಂದರೆ ‘ಅನ್’. ಉಸಿರು ನಿಲ್ಲುವುದು ಆಪ್ನಿಯಾ, ಮೂತ್ರವೇ ಬಾರದಿರುವುದು ಅನ್ಯೂರಿಯಾ. ಅನೀಮಿಯಾ ಎಂದರೆ ಅಕ್ಷರಶಃ ರಕ್ತ ಇಲ್ಲದಿರುವುದು. ನಿಜದಲ್ಲಿ ರಕ್ತ ಇರುತ್ತದೆ, ಆಮ್ಲಜನಕ ಹೊರುವ ಶಕ್ತಿ ಕಡಿಮೆ ಇರುತ್ತದೆ.

‘ಡಿಸ್’ ನಮ್ಮ ‘ದುಸ್, ದುರ್’. ದುರ್ಬಲ, ದುಸ್ಥಿತಿ ಎನ್ನುವ ಹಾಗೆ. ಡಿಸ್ಪ್ನಿಯಾ ಎಂದರೆ ಉಸಿರಾಟದ ಕಷ್ಟ, ಡಿಸ್ಯೂರಿಯಾ ಎಂದರೆ ಮೂತ್ರ ಮಾಡುವಾಗ ನೋವು ಅಥವಾ ಉರಿ. ‘ಪೆರಿ’ ನಮ್ಮ ‘ಪರಿ’, ಸುತ್ತಲೂ. ಪರಿಧಿ, ಪರಿಸರ ಇವೆಯಲ್ಲ. ಹೃದಯದ ಸುತ್ತ ಇರುವ ಪೊರೆ ಪೆರಿಕಾರ್ಡಿಯಂ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ‘ಹೈಪರ್’ ಮತ್ತು ‘ಹೈಪೋ’ ನಡುವೆ. ಹೈಪರ್ ಹೆಚ್ಚು, ಹೈಪೋ ಕಡಿಮೆ. ನೆನಪಿಡುವ ದಾರಿ ಹೀಗಿದೆ. ಹೈಪರ್ ಸಂಸ್ಕೃತದ ‘ಉಪರಿ’ಯ ನೆಂಟ, ಅಂದರೆ ಮೇಲೆ. ಕೊನೆಯ ‘ರ’ ಎರಡರಲ್ಲೂ ಇದೆ. ಉಪ್ಪರಿಗೆಯನ್ನು ನೆನೆಸಿಕೊಳ್ಳಿ. ಹೈಪೋ ‘ಉಪ’ದ ನೆಂಟ. ಉಪಾಧ್ಯಕ್ಷ ಅಧ್ಯಕ್ಷನಿಗಿಂತ ಕೆಳಗೆ, ಅಲ್ವಾ? ರ-ಕಾರ ಇದ್ದರೆ ಮೇಲೆ, ಇಲ್ಲದಿದ್ದರೆ ಕೆಳಗೆ.

“ನನಗೆ ಥೈರಾಯ್ಡ್ ಇದೆ” ಎಂದು ಜನ ಹೇಳುವಾಗ ಈ ತಲೆಯೇ ಹಾರಿಹೋಗಿರುತ್ತದೆ. ಥೈರಾಯ್ಡ್ ಕತ್ತಿನಲ್ಲಿರುವ ಒಂದು ಗ್ರಂಥಿ, ಎಲ್ಲರಿಗೂ ಇರುತ್ತದೆ. ಕೇಳಬೇಕಾದದ್ದು ಹೈಪರ್ರೋ ಹೈಪೋನೋ ಎಂದು. ಎರಡಕ್ಕೂ ಚಿಕಿತ್ಸೆ ತದ್ವಿರುದ್ಧ. ಹೊಸ ವೈದ್ಯರ ಬಳಿ ಹೋಗಿ “ಥೈರಾಯ್ಡ್ ಇದೆ” ಎಂದಷ್ಟೇ ಹೇಳಿದರೆ ಅರ್ಧ ಸುದ್ದಿ ಹೇಳಿದ ಹಾಗೆ.

‘ಟ್ಯಾಕಿ’ ವೇಗ, ‘ಬ್ರಾಡಿ’ ನಿಧಾನ. ‘ಪಾಲಿ’ ಹೆಚ್ಚು, ‘ಆಲಿಗೋ’ ಕಡಿಮೆ. ‘ಎಂಡೋ’ ಒಳಗೆ. ‘ಹೆಮಿ’ ಅರ್ಧ. ಹೆಮಿಪ್ಲೀಜಿಯಾ ಎಂದರೆ ಅರ್ಧ ದೇಹಕ್ಕೆ ಲಕ್ವ. ಈ ‘ಹೆಮಿ’ಯನ್ನು ರಕ್ತದ ‘ಹೆಮೋ, ಹೆಮಟ್’ ಜೊತೆ ಬೆರೆಸಬೇಡಿ. ‘ಆಂಟಿ’ ಎಂದು ಕೇಳಿಸುವವು ಎರಡಿವೆ. ಆಂಟಿನೇಟಲ್‌ನಲ್ಲಿರುವುದು ‘ಇ’ ಅಕ್ಷರದ್ದು, ಅದಕ್ಕೆ ಮುಂಚೆ ಎಂದರ್ಥ, ಹೆರಿಗೆಗೆ ಮುಂಚಿನ ತಪಾಸಣೆ. ಆಂಟಿಬಯೋಟಿಕ್‌ನಲ್ಲಿರುವುದು ‘ಐ’ ಅಕ್ಷರದ್ದು, ಅದಕ್ಕೆ ವಿರುದ್ಧ ಎಂದರ್ಥ.

## ಹಂತ 4: ನಡುವಿನ ತುಂಡು, ಅಂದರೆ ದೇಹದ ಜಾಗ

ಬಾಲ, ತಲೆ ತೆಗೆದ ಮೇಲೆ ಉಳಿಯುವುದು ಅಂಗದ ಹೆಸರು. ಇಲ್ಲಿ ಹಲವರು ಕೇಳುವ ಪ್ರಶ್ನೆ: ಕಿಡ್ನಿಗೆ ಒಮ್ಮೆ ‘ರೀನಲ್’ ಅನ್ನುತ್ತಾರೆ, ಇನ್ನೊಮ್ಮೆ ‘ನೆಫ್ರ್’ ಅನ್ನುತ್ತಾರೆ, ಯಾಕೆ? ರೀನಲ್ ಲ್ಯಾಟಿನ್‌ನದು, ನೆಫ್ರ್ ಗ್ರೀಕಿನದು. ಅಂಗವನ್ನು ಬಣ್ಣಿಸುವಾಗ ಹೆಚ್ಚಾಗಿ ಲ್ಯಾಟಿನ್ ಬರುತ್ತದೆ, ಕಾಯಿಲೆಗೆ ಹೆಸರಿಡುವಾಗ ಗ್ರೀಕ್. ಶ್ವಾಸಕೋಶಕ್ಕೆ ಪಲ್ಮನರಿ ಮತ್ತು ನ್ಯುಮೋ, ಮೂಗಿಗೆ ನೇಸಲ್ ಮತ್ತು ರೈನೋ, ಚರ್ಮಕ್ಕೆ ಕ್ಯುಟೇನಿಯಸ್ ಮತ್ತು ಡರ್ಮ. ಎರಡು ಪದ ಕಂಡರೆ ಎರಡು ಕಾಯಿಲೆ ಎಂದುಕೊಳ್ಳಬೇಡಿ.

ಬೇಗ ನೆನಪಾಗುವವು: ‘ಆಸ್ಟಿಯೋ’ ನಮ್ಮ ಅಸ್ಥಿ, ಮೂಳೆ. ‘ಡೆಂಟ್’ ದಂತ. ‘ನೇಸೋ’ ನಾಸಿಕ. ‘ಎಂಟರ್’ ಸಂಸ್ಕೃತದ ಅಂತ್ರ, ಕರುಳು. ನನಗೆ ತುಂಬಾ ಇಷ್ಟವಾದದ್ದು ಮಾಂಸಖಂಡಕ್ಕೆ ಹೇಳುವ ‘ಮಯೋ’. ಗ್ರೀಕಿನಲ್ಲಿ ಇಲಿಗೂ ಸ್ನಾಯುವಿಗೂ ಒಂದೇ ಪದ. ನಮ್ಮ ಮೂಷಿಕನ ನೆಂಟ ಅದು. ತೋಳು ಮಡಚಿದಾಗ ಚರ್ಮದಡಿ ಓಡಾಡುವ ಉಬ್ಬು ಇಲಿಯ ಹಾಗೆ ಕಂಡಿರಬೇಕು. ಇಂಗ್ಲಿಷಿನ ಮಸಲ್ ಕೂಡ ಲ್ಯಾಟಿನ್‌ನ ‘ಪುಟ್ಟ ಇಲಿ’ಯೇ.

ಹಾಗಂತ ಹೋಲುವುದೆಲ್ಲ ನೆಂಟರಲ್ಲ. ಪೀಡಿಯಾಟ್ರಿಕ್‌ಗೂ ಪೀಡೆಗೂ ಸಂಬಂಧ ಕಲ್ಪಿಸಬೇಡಿ, ಅಲ್ಲಿರುವುದು ಮಗು ಎಂಬರ್ಥದ ಗ್ರೀಕ್ ಪದ. ‘ಪ್ಯಾಥಿ’ ನಮ್ಮ ಪಥ ಅಲ್ಲ, ನರಳಾಟ. ಇನ್ನು ‘ಗ್ಯಾಸ್ಟ್ರಿಕ್’. “ಗ್ಯಾಸ್ಟ್ರಿಕ್ ಆಗಿದೆ” ಎಂದರೆ ಗ್ಯಾಸ್ ತುಂಬಿದೆ ಎಂದೇ ನಾವು ತಿಳಿದಿದ್ದೇವೆ. ‘ಗ್ಯಾಸ್ಟ್ರ್’ ಎಂದರೆ ಜಠರ, ಗ್ಯಾಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ರಿಪೋರ್ಟಿನಲ್ಲಿ ಗ್ಯಾಸ್ಟ್ರಿಕ್ ಅಲ್ಸರ್ ಎಂದಿದ್ದರೆ ಅದು ಜಠರದ ಹುಣ್ಣು. ‘ಗ್ಯಾಸ್ ಅಷ್ಟೇ’ ಎಂದು ಸುಮ್ಮನಾಗುವಂಥದ್ದಲ್ಲ.

ಒಂದರಂತೆ ಇನ್ನೊಂದು ಕೇಳಿಸುವ ಜೋಡಿಗಳನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ. ಶುರುವಿಗೆ ಇವು ಸಾಕು:

- ‘ಸಿಸ್ಟ್’ ಚೀಲ ಅಥವಾ ಮೂತ್ರಕೋಶ, ‘ಸೈಟ್’ ಜೀವಕೋಶ.
- ‘ಕೋಲ್’ ದೊಡ್ಡ ಕರುಳು, ‘ಕೊಲೆ’ ಪಿತ್ತ. ಎರಡನೆಯದರಲ್ಲಿ ‘ಸಿ-ಎಚ್’ ಇರುತ್ತದೆ.
- ‘ಮಯೋ’ ಸ್ನಾಯು, ‘ಮೈಕೋ’ ಶಿಲೀಂಧ್ರ, ‘ಮೈಲೋ’ ಮೂಳೆಯ ಮಜ್ಜೆ ಅಥವಾ ಬೆನ್ನುಹುರಿ.
- ‘ಆರ್ಥ್ರೋ’ ಕೀಲು, ‘ಆರ್ಟೀರಿಯೋ’ ರಕ್ತನಾಳ, ‘ಅಥೆರೋ’ ನಾಳದೊಳಗೆ ಕೂರುವ ಕೊಬ್ಬಿನ ಪದರ. ಕೊನೆಯದಕ್ಕೆ ಗ್ರೀಕಿನಲ್ಲಿ ಗಂಜಿ ಎಂದರ್ಥ.

ತುಂಡುಗಳ ನಡುವೆ ಬರುವ ‘ಓ’ ಬರೀ ಅಂಟು, ಅದಕ್ಕೆ ಅರ್ಥವಿಲ್ಲ. ಬಾಲ ಸ್ವರದಿಂದ ಶುರುವಾದರೆ ಈ ಅಂಟು ಬಿದ್ದುಹೋಗುತ್ತದೆ: ಗ್ಯಾಸ್ಟ್ರ್-ಐಟಿಸ್. ವ್ಯಂಜನದಿಂದ ಶುರುವಾದರೆ ಉಳಿಯುತ್ತದೆ: ಗ್ಯಾಸ್ಟ್ರ್-ಓ-ಸ್ಕೋಪಿ. ಎಲ್ಲಿ ಗೆರೆ ಎಳೆಯಬೇಕೆಂದು ತಿಳಿಯದಿದ್ದಾಗ ‘ಓ’ ಹುಡುಕಿ. ಮುರಿಯುವ ಜಾಗ ಹೆಚ್ಚಾಗಿ ಅದೇ.

## ಹಂತ 5: ಜೋಡಿಸಿ, ಕನ್ನಡದಲ್ಲಿ ಒಂದು ವಾಕ್ಯ ಬರೆಯಿರಿ

‘ಹೆಪಟೋಸ್ಪ್ಲೀನೋಮೆಗಲಿ’ ತೆಗೆದುಕೊಳ್ಳಿ. ಬಾಲ ‘ಮೆಗಲಿ’, ದೊಡ್ಡದಾಗಿದೆ. ತಲೆ ಇಲ್ಲ. ನಡುವೆ ಎರಡು ತುಂಡು: ‘ಹೆಪಟ್’ ಲಿವರ್, ‘ಸ್ಪ್ಲೀನ್’ ಗುಲ್ಮ. ವಾಕ್ಯ: ಲಿವರ್ ಮತ್ತು ಗುಲ್ಮ ಎರಡೂ ದೊಡ್ಡದಾಗಿವೆ. ಯಾಕೆ ಆಗಿವೆ ಎಂದು ಪದ ಹೇಳಿಲ್ಲ. ನೀವೂ ಹೇಳಬೇಡಿ.

‘ಕೊಲೆಸಿಸ್ಟೆಕ್ಟಮಿ’. ಬಾಲ ‘ಎಕ್ಟಮಿ’, ತೆಗೆದುಹಾಕುವುದು. ನಡುವೆ ‘ಕೊಲೆ’ ಪಿತ್ತ, ‘ಸಿಸ್ಟ್’ ಚೀಲ. ಪಿತ್ತದ ಚೀಲ ತೆಗೆಯುವ ಆಪರೇಷನ್.

ಬಾಯಲ್ಲಿ ಹೇಳಿಕೊಂಡರೆ ಸಾಲದು, ಬರೆಯಿರಿ. ವಾಕ್ಯ ಪೂರ್ತಿಯಾಗದೆ ನಿಂತರೆ ಯಾವ ತುಂಡು ಗೊತ್ತಿಲ್ಲ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಗೊತ್ತಿಲ್ಲದ ಆ ಒಂದು ತುಂಡನ್ನು ಮಾತ್ರ ನಿಘಂಟಿನಲ್ಲಿ ನೋಡಿ.

## ಹಂತ 6: ಪದದ ಅಕ್ಕಪಕ್ಕ ಏನಿದೆ ನೋಡಿ

ಪದ ಸರಿಯಾಗಿ ಬಿಡಿಸಿಯೂ ಮೋಸ ಹೋಗುವುದು ಇಲ್ಲಿ. ‘ನೋ ಎವಿಡೆನ್ಸ್ ಆಫ್’ ಎಂದು ಹಿಂದೆ ಇದ್ದರೆ ಅದು ಇಲ್ಲ ಎಂದೇ ಅರ್ಥ. ‘ರೂಲ್ ಔಟ್’ ಎಂದಿದ್ದರೆ ಆ ಕಾಯಿಲೆ ಅಲ್ಲ ಎಂದು ಖಚಿತ ಮಾಡಿಕೊಳ್ಳಬೇಕಿದೆ ಎಂದರ್ಥ, ಬಂದಿದೆ ಎಂದಲ್ಲ. ಪದದ ಮುಂದೆ ಪ್ರಶ್ನೆ ಚಿಹ್ನೆ ಇದ್ದರೆ ಅದು ಅನುಮಾನ ಮಾತ್ರ.

ಇನ್ನು ಕೆಲವು ಬಿಡಿ ಪದಗಳ ಅರ್ಥ ನಾವು ಅಂದುಕೊಂಡದ್ದಲ್ಲ. ‘ಅಕ್ಯೂಟ್’ ಎಂದರೆ ತೀವ್ರ ಎಂದು ಹೆದರುತ್ತೇವೆ. ಅದು ಮುಖ್ಯವಾಗಿ ಹೇಳುವುದು ಇದ್ದಕ್ಕಿದ್ದಂತೆ ಶುರುವಾಗಿದೆ, ಹೆಚ್ಚು ದಿನವಾಗಿಲ್ಲ ಎಂದು. ‘ಅಕ್ಯೂಟ್ ನೇಸೋಫ್ಯಾರಿಂಜೈಟಿಸ್’ ಎಂದರೆ ಮಾಮೂಲಿ ನೆಗಡಿ. ‘ಕ್ರಾನಿಕ್’ ಎಂದರೆ ಬಹಳ ಕಾಲದಿಂದ ಇರುವುದು. ಕಾಲ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಎರಡೂ ಅವಧಿಯ ಮಾತು.

‘ಇಡಿಯೋಪ್ಯಾಥಿಕ್’ ಎಂದರೆ ಕಾರಣ ಗೊತ್ತಾಗಿಲ್ಲ ಎಂದು. ‘ಎಸೆನ್ಷಿಯಲ್ ಹೈಪರ್‌ಟೆನ್ಷನ್’ ಎಂದರೆ ಬೇಕೇ ಬೇಕಾದ ಬಿಪಿ ಅಲ್ಲ, ಬೇರೆ ಕಾಯಿಲೆಯಿಂದ ಬಂದದ್ದಲ್ಲದ ಬಿಪಿ. ‘ಪಾಸಿಟಿವ್’ ಎಂದರೆ ಹುಡುಕಿದ್ದು ಸಿಕ್ಕಿದೆ ಎಂದು, ಒಳ್ಳೆಯದಾಗಿದೆ ಎಂದಲ್ಲ. ‘ಅನ್‌ರಿಮಾರ್ಕಬಲ್’ ಎಂದರೆ ವಿಶೇಷವೇನೂ ಕಾಣಲಿಲ್ಲ ಎಂದು. ರಿಪೋರ್ಟಿನಲ್ಲಿ ಇದಕ್ಕಿಂತ ಒಳ್ಳೆಯ ಪದ ಇಲ್ಲ. ‘ಲೀಷನ್’ ಎಂದರೆ ಬದಲಾಗಿ ಕಂಡ ಯಾವುದೇ ಜಾಗ. ಗಾಯವೂ ಆಗಬಹುದು, ಹಳೆಯ ಕಲೆಯೂ ಆಗಬಹುದು. ‘ಹಾರ್ಟ್ ಫೇಲ್ಯೂರ್’ ಎಂದರೆ ಹೃದಯ ನಿಂತಿದೆ ಎಂದಲ್ಲ, ಬೇಕಾದಷ್ಟು ರಕ್ತ ಪಂಪ್ ಮಾಡಲಾಗುತ್ತಿಲ್ಲ ಎಂದು. ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ, ಆದರೆ ಎರಡೂ ಬೇರೆ.

## ಹಂತ 7: ಹಳೆಯ ನಂಬಿಕೆಯನ್ನು ಹೊತ್ತ ಪದಗಳನ್ನು ಬಿಡಿಸಲು ಹೋಗಬೇಡಿ

ಕೆಲವು ಪದಗಳನ್ನು ಬಿಡಿಸಿದರೆ ಅರ್ಥವೇನೋ ಸಿಗುತ್ತದೆ, ಆದರೆ ಅದು ತಪ್ಪುದಾರಿ. ಮಲೇರಿಯಾ ಎಂದರೆ ಇಟಾಲಿಯನ್‌ನಲ್ಲಿ ‘ಕೆಟ್ಟ ಗಾಳಿ’. ಅದನ್ನು ಹರಡುವುದು ಸೊಳ್ಳೆ ಎಂಬುದು ಹೆಸರಿಟ್ಟವರಿಗೆ ಗೊತ್ತಿರಲಿಲ್ಲ. 1897ರಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಆ ಪರಾವಲಂಬಿಯನ್ನು ಕಂಡ ಮೇಲೂ ಹೆಸರು ಹಾಗೇ ಉಳಿಯಿತು. ಆರ್ಥೋಪೀಡಿಕ್ ಎಂಬ ಪದದಲ್ಲಿ ಮೂಳೆ ಎಂಬ ತುಂಡೇ ಇಲ್ಲ. ಇರುವುದು ‘ನೇರ’ ಮತ್ತು ‘ಮಗು’. 1741ರಲ್ಲಿ ಫ್ರೆಂಚ್ ವೈದ್ಯ ನಿಕೋಲಾ ಆಂಡ್ರಿ ಮಕ್ಕಳ ಅಂಗಗಳ ಸೊಟ್ಟ ಸರಿಪಡಿಸುವುದಕ್ಕೆಂದು ಇಟ್ಟ ಹೆಸರು ಅದು.

ಡಯಾಬಿಟಿಸ್ ಎಂದರೆ ಹಾದುಹೋಗುವುದು, ಮೂತ್ರ ಹೆಚ್ಚು ಹೋಗುವುದರಿಂದ ಬಂದ ಹೆಸರು. ಅದರ ಮುಂದಿನ ‘ಮೆಲಿಟಸ್’ಗೆ ಜೇನಿನಂತೆ ಸಿಹಿ ಎಂದರ್ಥ. ಇದು ನಮಗೆ ಗೊತ್ತಿರುವ ಸಕ್ಕರೆ ಕಾಯಿಲೆ. ಆದರೆ ‘ಡಯಾಬಿಟಿಸ್ ಇನ್ಸಿಪಿಡಸ್’ ಎಂಬುದೂ ಒಂದಿದೆ. ಇನ್ಸಿಪಿಡಸ್ ಎಂದರೆ ರುಚಿಯಿಲ್ಲದ್ದು. ಅದರಲ್ಲಿ ಸಕ್ಕರೆಯ ತೊಂದರೆಯೇ ಇಲ್ಲ, ದೇಹ ನೀರು ಹಿಡಿದಿಡುವುದರಲ್ಲಿ ತೊಂದರೆ. ಮೊದಲ ಪದ ಮಾತ್ರ ಓದಿ ಸಿಹಿ ಬಿಟ್ಟರೆ ಏನೂ ಪ್ರಯೋಜನವಿಲ್ಲ.

## ಹಂತ 8: ಔಷಧಿ ಚೀಟಿಯ ಗಿಡ್ಡ ಅಕ್ಷರಗಳು

ಇವು ಲ್ಯಾಟಿನ್ ಮಾತುಗಳ ಮೊದಲಕ್ಷರಗಳು. ‘ಬಿಡಿ’ ದಿನಕ್ಕೆ ಎರಡು ಸಲ. ‘ಟಿಡಿಎಸ್’ ಮೂರು ಸಲ. ‘ಎಚ್‌ಎಸ್’ ಮಲಗುವ ಹೊತ್ತಿಗೆ. ‘ಎಸಿ’ ಊಟಕ್ಕೆ ಮುಂಚೆ, ‘ಪಿಸಿ’ ಊಟದ ನಂತರ. ‘ಸ್ಟ್ಯಾಟ್’ ಈಗಲೇ. ‘ಎಸ್‌ಒಎಸ್’ ಕಂಡು ಅಪಾಯದ ಕರೆ ಎಂದುಕೊಂಡವರಿದ್ದಾರೆ. ಅದು ‘ಸಿ ಓಪುಸ್ ಸಿಟ್’, ಬೇಕೆನಿಸಿದಾಗ ಮಾತ್ರ ಎಂದರ್ಥ. ಆದರೂ ದಿನಕ್ಕೆ ಹೆಚ್ಚೆಂದರೆ ಎಷ್ಟು ಎಂದು ಕೇಳಿಕೊಳ್ಳಿ.

‘ಓಡಿ’ ವಿಷಯದಲ್ಲಿ ಎಚ್ಚರ. ಮಾತ್ರೆಯ ಚೀಟಿಯಲ್ಲಿ ದಿನಕ್ಕೊಮ್ಮೆ ಎಂದು ಬಳಸುತ್ತಾರೆ. ಕಣ್ಣಿನ ಚೀಟಿಯಲ್ಲಿ ಅದೇ ಎರಡಕ್ಷರ ‘ಓಕ್ಯುಲಸ್ ಡೆಕ್ಸ್ಟರ್’, ಬಲಗಣ್ಣು. ಎಡಗಣ್ಣಿಗೆ ‘ಓಎಸ್’. ಕಣ್ಣಿಗೆ ಹಾಕುವ ಹನಿಯ ಮುಂದೆ ‘ಓಡಿ’ ಇದ್ದರೆ ಊಹೆ ಬೇಡ, ಕೇಳಿಯೇ ಹಾಕಿ.

ಔಷಧಿಯ ಮೂಲ ಹೆಸರಿಗೂ ಬಾಲ ಇರುತ್ತದೆ. ‘ಓಲಾಲ್’, ‘ಪ್ರಿಲ್’, ‘ಸಾರ್ಟಾನ್’ ಕೊನೆಯವು ಹೆಚ್ಚಾಗಿ ಬಿಪಿ ಮತ್ತು ಹೃದಯಕ್ಕೆ, ‘ಸಿಲಿನ್’ ಕೊನೆಯವು ಪೆನ್ಸಿಲಿನ್ ಜಾತಿಯ ಆಂಟಿಬಯೋಟಿಕ್. ಪೆನ್ಸಿಲಿನ್ ಅಲರ್ಜಿ ಇದ್ದವರು ಈ ಬಾಲ ಕಂಡರೆ ಮಾತ್ರೆ ನುಂಗುವ ಮೊದಲು ವೈದ್ಯರಿಗೆ ಹೇಳಲೇಬೇಕು. ಆದರೆ ಬಾಲ ನಂಬಿ ಮಾತ್ರೆ ಬದಲಿಸಬೇಡಿ. ಕೊಲೆಸ್ಟ್ರಾಲ್ ಮಾತ್ರೆಗಳು ಹೆಚ್ಚಾಗಿ ‘ಸ್ಟಾಟಿನ್’ ಎಂದು ಮುಗಿಯುತ್ತವೆ. ‘ನಿಸ್ಟಾಟಿನ್’ ಕೂಡ ಹಾಗೇ ಮುಗಿಯುತ್ತದೆ, ಅದು ಶಿಲೀಂಧ್ರದ ಔಷಧಿ!

## ಎಲ್ಲಿ ಪೆನ್ಸಿಲ್ ಕೆಳಗಿಡಬೇಕು

ಮುಖ ಒಂದು ಕಡೆ ವಾಲಿದರೆ, ಮಾತು ತೊದಲಿದರೆ, ಒಂದು ಕೈ ಇದ್ದಕ್ಕಿದ್ದಂತೆ ಸೋತರೆ, ಎದೆ ಹಿಂಡಿದಂತಾದರೆ, ಉಸಿರು ಸಿಗದಿದ್ದರೆ ಪದ ಬಿಡಿಸುತ್ತಾ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ಬಿಡಿಸಿದ ಅರ್ಥ ನೋಡಿ ನಡೆಯುತ್ತಿರುವ ಔಷಧಿ ನಿಲ್ಲಿಸಬೇಕೆನಿಸಿದರೆ ಅದೂ ನಿಲ್ಲಬೇಕಾದ ಗುರುತು. ಕ್ಯಾನ್ಸರ್‌ನ ಆ ಐದು ಪದಗಳಲ್ಲಿ ಒಂದು ಕಂಡರೆ ಅದರ ಹಿಂದಿನ ಮುಂದಿನ ಸಾಲು ಪೂರ್ತಿ ನಕಲು ಮಾಡಿಕೊಂಡು ವೈದ್ಯರ ಮುಂದೆ ಇಡಿ, ಮನೆಯಲ್ಲಿ ಅರ್ಧ ಸುದ್ದಿ ಹರಡಬೇಡಿ. ಲಿಪೋಮಾದ ಕತೆ ಹೇಳಿದ್ದು ಅದಕ್ಕೇ.

## ಈಗ ನೀವೇ ಬಿಡಿಸಿ

ಕೆಳಗಿನ ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು ಬಾಲದಿಂದ ಶುರು ಮಾಡಿ: ಬ್ರಾಡಿಕಾರ್ಡಿಯಾ, ಎಂಡೋಕಾರ್ಡೈಟಿಸ್, ಆಸ್ಟಿಯೋಮೈಲೈಟಿಸ್, ಕೊಲೆಡೋಕೋಲಿಥಿಯಾಸಿಸ್. ಕೊನೆಯದಕ್ಕೆ ಎರಡು ಹೊಸ ತುಂಡು ಕೊಡುತ್ತೇನೆ: ‘ಡೋಕೋ’ ನಾಳ, ‘ಲಿಥ್’ ಕಲ್ಲು. ‘ಇಯಾಸಿಸ್’ ನಮ್ಮ ‘ಓಸಿಸ್’ನಂತೆಯೇ ಒಂದು ಸ್ಥಿತಿ.

ಮೊದಲನೆಯದು ಹೃದಯದ ಬಡಿತ ನಿಧಾನ. ಎರಡನೆಯದು ಹೃದಯದ ಒಳಪದರದ ಉರಿಯೂತ. ಮೂರನೆಯದು ಮೂಳೆ ಮತ್ತು ಅದರ ಮಜ್ಜೆಯ ಉರಿಯೂತ. ನಾಲ್ಕನೆಯದು, ಆ ಉದ್ದದ ಹೆಸರು, ಪಿತ್ತನಾಳದಲ್ಲಿ ಕಲ್ಲು.